ಒಂದು ತೆಳು ಪದರದ ಇತಿಹಾಸ

ಮಳೆಗೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ತುಂತುರು, ಸೋನೆ, ಜಡಿಮಳೆ, ಮುಸಲಧಾರೆ ಎಂದು ಎಣಿಸುತ್ತಾ ಹೋಗಬಹುದು. ಹಿಮದ ವಿಷಯದಲ್ಲಿ ಹಾಗಲ್ಲ. ಮುಗಿಲಿನಿಂದ ಹಿಮ ಉದುರಿದರೂ ಹಿಮಪಾತ, ಬೆಟ್ಟದ ಮೈಯಿಂದ ಕಳಚಿ ಬಿದ್ದು ಜನರನ್ನು ಮುಚ್ಚಿದರೂ ಹಿಮಪಾತ. ಎರಡನೆಯದಕ್ಕೆ 'ಹಿಮಕುಸಿತ' ಎಂಬ ಬೇರೆ ಶಬ್ದ ಇದ್ದರೂ ಅದು ಮಾತಿನಲ್ಲಿ ಬೇರು ಬಿಟ್ಟಿಲ್ಲ. ಅದರ ಅಗತ್ಯ ನಮ್ಮ ನೆಲಕ್ಕೆ ಬಿದ್ದಿರಲಿಲ್ಲ.

2016ರ ಫೆಬ್ರವರಿಯಲ್ಲಿ ಆ ಅಗತ್ಯ ಬಂತು. ಫೆಬ್ರವರಿ 3ರಂದು ಸಿಯಾಚಿನ್ ಪ್ರದೇಶದ ಸೋನಮ್ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮರಾಶಿ ಕುಸಿದು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಸೈನಿಕರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಹಾಸನ ಜಿಲ್ಲೆಯ ಸುಬೇದಾರ್ ಟಿ.ಟಿ. ನಾಗೇಶ್, ಮೈಸೂರು ಜಿಲ್ಲೆಯ ಸಿಪಾಯಿ ಪಿ.ಎನ್. ಮಹೇಶ್, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಎರೆನೆಲದ ಊರುಗಳ ಜಗಲಿಕಟ್ಟೆಗಳಲ್ಲೂ ಆ ವಾರ ಒಂದೇ ಪ್ರಶ್ನೆ: ನಿನ್ನೆಯವರೆಗೆ ಬೆಟ್ಟಕ್ಕೆ ಅಂಟಿಕೊಂಡಿದ್ದ ಹಿಮ ಇವತ್ತು ಏಕೆ ಜಾರಿತು?

ಈ ಪ್ರಶ್ನೆಗೆ 'ವಿಧಿ' ಎಂಬ ಉತ್ತರ ಬಹಳ ಹಳೆಯದು. 'ಒಳಗಿನ ಒಂದು ಪದರ ಸೋತಿತು' ಎಂಬ ಉತ್ತರಕ್ಕೆ ನೂರು ವರ್ಷಕ್ಕಿಂತ ಹೆಚ್ಚೇನೂ ವಯಸ್ಸಾಗಿಲ್ಲ. ಮೊದಲ ಉತ್ತರದಿಂದ ಎರಡನೆಯದಕ್ಕೆ ಬಂದ ದಾರಿಯ ಒಂದು ಮುಖ್ಯ ಭಾಗ ಹಿಮಾಲಯದಿಂದ ಬಲು ದೂರದಲ್ಲಿ, ಪೆಸಿಫಿಕ್ ಸಾಗರಕ್ಕೆ ಹತ್ತಿರದ ಅಮೆರಿಕದ ಬೆಟ್ಟಸಾಲುಗಳಲ್ಲಿ ಹಾದುಹೋಗುತ್ತದೆ. ಅಲ್ಲಿ ಹಿಮದ ಕೆಳಗೆ ಮೊದಲು ಸಿಕ್ಕಿಬಿದ್ದದ್ದು ರೈಲು.

ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಪರ್ವತಗಳಲ್ಲಿ ಸ್ಟೀವನ್ಸ್ ಪಾಸ್ ಎಂಬ ಕಣಿವೆದಾರಿ ಇದೆ. ಅದರ ಬಳಿಯ ಪುಟ್ಟ ರೈಲ್ವೆ ಊರಿನ ಹೆಸರು ವೆಲಿಂಗ್ಟನ್. ಮದ್ರಾಸ್ ರೆಜಿಮೆಂಟಿನ ಕೇಂದ್ರವಿರುವ ನೀಲಗಿರಿಯ ವೆಲಿಂಗ್ಟನ್ನಿಗೂ ಅದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. 1910ರ ಫೆಬ್ರವರಿ ಕೊನೆಯ ವಾರ ಗ್ರೇಟ್ ನಾರ್ದರ್ನ್ ಕಂಪನಿಯ ಒಂದು ಪ್ರಯಾಣಿಕರ ರೈಲು, ಒಂದು ಟಪಾಲು ರೈಲು ಅಲ್ಲಿ ನಿಂತುಬಿಟ್ಟವು. ಮುಂದಿನ ಹಳಿಯ ಮೇಲೆ ಕುಸಿತದ ಮೇಲೆ ಕುಸಿತ. ಹಿಮ ಬಗೆಯುವ ಯಂತ್ರಗಳು ಒಂದೊಂದಾಗಿ ಸಿಕ್ಕಿಹಾಕಿಕೊಂಡವು. ಸಲಿಕೆ ಹಿಡಿದಿದ್ದ ಕೂಲಿಗಳಲ್ಲಿ ಹಲವರು ಕೂಲಿಯ ವಿಷಯಕ್ಕೆ ಜಗಳವಾಗಿ ಬಿಟ್ಟುಹೋದರು. ರೈಲನ್ನು ಹಿಂದಕ್ಕೆ ಸುರಂಗದೊಳಗೆ ಒಯ್ಯಿರಿ ಎಂದು ಪ್ರಯಾಣಿಕರು ಕೇಳಿಕೊಂಡರು. ಹೊಗೆ ಮತ್ತು ಚಳಿಯ ಕಾರಣ ಕೊಟ್ಟು ಅಧಿಕಾರಿಗಳು ಒಪ್ಪಲಿಲ್ಲ. ಕೆಲವರು ಜೀವ ಕೈಯಲ್ಲಿ ಹಿಡಿದು ನಡೆದೇ ಇಳಿದರು. ಉಳಿದವರು ಗಾಡಿಯಲ್ಲೇ ಮಲಗಿದರು.

ಹಳಿಯ ಮೇಲಿನ ಇಳಿಜಾರಿನ ಕಾಡು ಹಿಂದೊಮ್ಮೆ ಬೆಂಕಿಗೆ ಸಿಕ್ಕಿ ಬೋಳಾಗಿತ್ತು. ದಿನಗಟ್ಟಲೆ ಅಲ್ಲಿ ಹಿಮ ಕೂಡಿತು. ಫೆಬ್ರವರಿ 28ರ ರಾತ್ರಿ ಗಾಳಿ ಬೆಚ್ಚಗಾಗಿ, ಹಿಮ ನಿಂತು, ಗುಡುಗು ಮಿಂಚಿನ ಮಳೆ ಶುರುವಾಯಿತು. ಮಾರ್ಚ್ 1ರ ನಸುಕಿನ ಒಂದು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಇಡೀ ಇಳಿಜಾರು ಒಂದೇ ಚಪ್ಪಡಿಯಾಗಿ ಕಳಚಿತು. ಎರಡೂ ರೈಲುಗಳು ಕೆಳಗಿನ ಟೈ ನದಿಯ ಕೊರಕಲಿಗೆ ಉರುಳಿದವು. 96 ಜನ ಸತ್ತರು. ಒದ್ದೆ ಹಿಮ ಗಾರೆಯ ಹಾಗೆ ಗಟ್ಟಿಯಾಗಿ ಕೂತಿದ್ದರಿಂದ ಕೊನೆಯ ಹೆಣಗಳು ಸಿಕ್ಕಿದ್ದು ಜುಲೈನಲ್ಲಿ, ಅದು ಕರಗಿದ ಮೇಲೆ.

ಸತ್ತವರಲ್ಲಿ ಒಬ್ಬರ ಕಡೆಯವರು ಕಂಪನಿಯ ಮೇಲೆ ದಾವೆ ಹೂಡಿದರು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರು. 1914ರಲ್ಲಿ ವಾಷಿಂಗ್ಟನ್ ರಾಜ್ಯದ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಇದು ದೈವಾಧೀನ ಘಟನೆ, ಮನುಷ್ಯ ಮುಂದಾಗಿ ತಿಳಿಯುವಂಥದ್ದಲ್ಲ ಎಂಬುದು ಅದರ ನಿಲುವು. ಆ ನ್ಯಾಯಾಧೀಶರ ಮುಂದೆ ಬೇರೆ ಉತ್ತರ ಇಡುವಷ್ಟು ಹಿಮದ ಅರಿವು ಆಗ ಅಮೆರಿಕದಲ್ಲಿ ಯಾರ ಬಳಿಯೂ ಇರಲಿಲ್ಲ. ಹಿಮ ಬೀಳುತ್ತದೆ, ಹೆಚ್ಚಾದರೆ ಜಾರುತ್ತದೆ. ಅಷ್ಟೇ ಗೊತ್ತಿತ್ತು.

ವೆಲಿಂಗ್ಟನ್ ದುರಂತದ ಮೂರೇ ದಿನಕ್ಕೆ, ಮಾರ್ಚ್ 4ರ ರಾತ್ರಿ, ಉತ್ತರಕ್ಕೆ ಕೆನಡಾದ ರೋಜರ್ಸ್ ಪಾಸ್‌ನಲ್ಲಿ ಇನ್ನೊಂದು ದುರಂತ ನಡೆಯಿತು. ಒಂದು ಕಡೆಯ ಬೆಟ್ಟದಿಂದ ಬಿದ್ದ ಹಿಮವನ್ನು ಹಳಿಯ ಮೇಲಿಂದ ತೆಗೆಯುತ್ತಿದ್ದ ಕೆಲಸಗಾರರ ಮೇಲೆ ಎದುರು ಬೆಟ್ಟದ ಹಿಮ ಬಂದು ಬಿತ್ತು. ಸತ್ತ 58 ಜನರಲ್ಲಿ 32 ಮಂದಿ ಜಪಾನಿನಿಂದ ಹೊಟ್ಟೆಪಾಡಿಗೆ ಬಂದಿದ್ದ ಕೂಲಿಗಳು. ಎರಡೂ ಕಂಪನಿಗಳು ಕೊನೆಗೆ ಕಂಡುಕೊಂಡ ಪರಿಹಾರ ಒಂದೇ: ಹಿಮವನ್ನು ಅರಿಯುವ ಗೋಜಿಗೆ ಹೋಗದೆ ಅದರ ಅಡಿಯಲ್ಲಿ ನುಸುಳುವುದು. ರೋಜರ್ಸ್ ಪಾಸ್ ಕೆಳಗೆ ಕನಾಟ್ ಸುರಂಗ 1916ರಲ್ಲಿ ತೆರೆಯಿತು. ಸ್ಟೀವನ್ಸ್ ಪಾಸ್ ಕೆಳಗೆ 12 ಕಿಲೋಮೀಟರಿಗೂ ಉದ್ದದ ಹೊಸ ಕ್ಯಾಸ್ಕೇಡ್ ಸುರಂಗ 1929ರಲ್ಲಿ ಬಂತು. ವೆಲಿಂಗ್ಟನ್ ಎಂಬ ಹೆಸರನ್ನು ಕಂಪನಿ ಅದಾಗಲೇ 'ಟೈ' ಎಂದು ಬದಲಿಸಿತ್ತು. ಹೊಸ ಸುರಂಗ ಬಂದ ಮೇಲೆ ಊರೇ ಇಲ್ಲವಾಯಿತು.

ಹಿಮದೊಳಗೆ ಇಣುಕಿ ನೋಡುವ ಕೆಲಸ ಯುರೋಪಿನಲ್ಲಿ ಆರಂಭವಾಯಿತು. ಜರ್ಮನಿಯ ಭೂವಿಜ್ಞಾನಿ ವಿಲ್ಹೆಲ್ಮ್ ಪೌಲ್ಕೆ ಹಿಮವನ್ನು ಬಂಡೆಯ ಹಾಗೆ ಓದಿದರು, ಅಂದರೆ ಪದರ ಪದರವಾಗಿ. ಸ್ವಿಟ್ಜರ್ಲೆಂಡಿನ ದಾವೋಸ್ ಊರಿನ ಮೇಲಿರುವ ವೈಸ್‌ಫ್ಲೂಯೋಖ್ ಶಿಖರದ ಬಳಿ 1936ರಲ್ಲಿ ಹಿಮದ್ದೇ ಒಂದು ಗುಡಿಸಲಿನಲ್ಲಿ ಪ್ರಯೋಗಾಲಯ ಶುರುವಾಯಿತು. ಮೂರು ವರ್ಷಗಳಲ್ಲಿ ಅಲ್ಲಿನವರು ಹಿಮದ ರೂಪಾಂತರದ ಕುರಿತು ದೊಡ್ಡ ಗ್ರಂಥವನ್ನೇ ತಂದರು. ಅದರ ತಿರುಳು ಹೀಗಿದೆ: ನೆಲಕ್ಕೆ ಬಿದ್ದ ಹಿಮ ಸುಮ್ಮನೆ ಕೂರುವುದಿಲ್ಲ, ಚಳಿಗಾಲ ಪೂರ್ತಿ ಒಳಗೊಳಗೇ ಬದಲಾಗುತ್ತಿರುತ್ತದೆ. ಇಳಿಜಾರಿನ ಮೇಲೆ ಕೂತ ಒಟ್ಟು ಹಿಮ ಎಷ್ಟೇ ಗಟ್ಟಿಯಿದ್ದರೂ, ನಡುವೆ ಎಲ್ಲೋ ಬೆರಳ ದಪ್ಪದ ಒಂದು ಸೋತ ಪದರವಿದ್ದರೆ ಮೇಲಿನದೆಲ್ಲ ಅದರ ಮೇಲೆ ಜಾರಬಹುದು.

ಕರಾವಳಿ, ಮಲೆನಾಡಿನ ಓದುಗರಿಗೆ ಇದು ಹೊಸದಲ್ಲ. ಮುರಕಲ್ಲಿನ ಗಟ್ಟಿ ಹೊದಿಕೆಯ ಕೆಳಗಿರುವ ಶೇಡಿ ಮಣ್ಣು ಬೇಸಿಗೆಯಲ್ಲಿ ಕಡಿದರೂ ನೇರವಾಗಿ ನಿಲ್ಲುತ್ತದೆ. ಆಷಾಢದ ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಗುಡ್ಡ ಜರಿದಾಗ ಕಣ್ಣಿಗೆ ಬೀಳುವುದು ಮೇಲಿನ ಕಲ್ಲು ಮರಗಳು. ಸೋತದ್ದು ಕೆಳಗಿನ ಮಣ್ಣು. ವ್ಯತ್ಯಾಸ ಇಷ್ಟೇ: ಶೇಡಿ ಮಣ್ಣಾಗಲು ಯುಗಗಳು ಬೇಕು, ಹಿಮದಲ್ಲಿ ದುರ್ಬಲ ಪದರ ಹುಟ್ಟಲು ಒಂದು ರಾತ್ರಿ ಸಾಕು.

ಆ ಪದರಗಳಲ್ಲಿ ಎರಡು ಬಗೆ ಮುಖ್ಯ. ಮಾಗಿಯಲ್ಲಿ ಮೋಡವಿಲ್ಲದ ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಕೂರುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ಆವಿ ಹಿಮದ ತಣ್ಣನೆಯ ಮೈಮೇಲೆ ಕೂತರೆ ನೀರಾಗದೆ ನೇರವಾಗಿ ಹರಳಾಗುತ್ತದೆ. ಗರಿಯಂತೆ ಎದ್ದು ನಿಂತ ಈ ಹರಳುಗಳು ಬೆಳಗಿನ ಬಿಸಿಲಿಗೆ ಮಿನುಗುತ್ತವೆ. ನೋಡಲು ಇಷ್ಟು ಚೆಂದದ ಹಿಮ ಇನ್ನೊಂದಿಲ್ಲ. ಬಿಸಿಲಿಗೋ ಗಾಳಿಗೋ ಅದು ಅಳಿದರೆ ಸರಿ. ಅಳಿಯುವ ಮೊದಲೇ ಅದರ ಮೇಲೆ ಹೊಸ ಹಿಮ ಬಿದ್ದರೆ, ಎದ್ದು ನಿಂತ ಗರಿಗಳ ಮೇಲೆ ಛಾವಣಿ ಹಾಕಿದಂತಾಗುತ್ತದೆ. ಎರಡನೆಯದು ಹಿಮದ ಒಳಗೇ ಹುಟ್ಟುವುದು. ನೆಲದ ಹತ್ತಿರದ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೇಲ್ಮೈ ಕೊರೆಯುವ ಚಳಿಯಲ್ಲಿರುತ್ತದೆ. ಒಂದು ಮೀಟರ್ ಆಳಕ್ಕೆ ಸುಮಾರು ಹತ್ತು ಡಿಗ್ರಿಗಿಂತ ಹೆಚ್ಚು ಅಂತರವಾದರೆ, ಕೆಳಗಿನ ಆವಿ ಮೇಲಕ್ಕೆ ಸಾಗುತ್ತಾ ಹಿಮಕಣಗಳ ನಡುವಿನ ಬೆಸುಗೆ ಹೋಗಿ ಅವು ಮೂಲೆ ಮುಖಗಳುಳ್ಳ ಹರಳುಗಳಾಗುತ್ತವೆ. ಕೈಗೆತ್ತಿಕೊಂಡರೆ ಉಂಡೆ ಕಟ್ಟುವುದಿಲ್ಲ. ದಪ್ಪ ರವೆಯ ಹಾಗೆ ಬೆರಳ ಸಂದಿಯಿಂದ ಉದುರುತ್ತದೆ.

ಇಲ್ಲಿಂದ ಮುಂದೆ ಹವಾಮಾನದ ಪ್ರಶ್ನೆ. ಎರಡನೆಯ ಮಹಾಯುದ್ಧದಲ್ಲಿ ಪರ್ವತ ಪಡೆಯಲ್ಲಿದ್ದ ಮಾಂಟ್ಗೊಮರಿ ಆಟ್ವಾಟರ್ 1945ರಲ್ಲಿ ಅಮೆರಿಕದ ಯೂಟಾ ರಾಜ್ಯದ ಆಲ್ಟಾದಲ್ಲಿ ಅರಣ್ಯ ಇಲಾಖೆಯ ಪರವಾಗಿ ಹಿಮಕುಸಿತಗಳ ದಾಖಲೆ ಇಡತೊಡಗಿದರು. 1949ರಲ್ಲಿ ಅಮೆರಿಕದ ಪಶ್ಚಿಮ ಪರ್ವತಗಳನ್ನು ನೋಡಿದ ಸ್ವಿಟ್ಜರ್ಲೆಂಡಿನ ಹಿಮತಜ್ಞ ಆಂದ್ರೆ ರೋಶ್, ಎಲ್ಲ ಕಡೆಯ ಹಿಮ ಒಂದೇ ಅಲ್ಲ ಎಂದು ಅವುಗಳನ್ನು ಮೂರು ವಲಯಗಳಾಗಿ ವಿಂಗಡಿಸಿದರು: ಕಡಲ ಬದಿ, ನಡುನಾಡು, ಒಳನಾಡಿನ ಎತ್ತರ. ಆ ವಿಂಗಡಣೆ ಇಂದಿಗೂ ಉಳಿದಿದೆ. ಕ್ಯಾರಿ ಮಾಕ್ ಮತ್ತು ಕಾರ್ಲ್ ಬರ್ಕ್‌ಲ್ಯಾಂಡ್ 2000ದಲ್ಲಿ ಅದಕ್ಕೆ ಅಳತೆಗಳನ್ನು ಕೊಟ್ಟರು. ಡಿಸೆಂಬರಿನಿಂದ ಮಾರ್ಚ್‌ವರೆಗೆ 8 ಸೆಂಟಿಮೀಟರಿಗಿಂತ ಹೆಚ್ಚು ಮಳೆ ಬಿದ್ದರೆ, ಇಲ್ಲವೇ ಸರಾಸರಿ ತಾಪಮಾನ ಮೈನಸ್ 3.5 ಡಿಗ್ರಿಗಿಂತ ಮೇಲಿದ್ದರೆ, ಅದು ಕಡಲ ಬದಿಯ ಹಿಮ.

ಒಳನಾಡಿನ ಪರ್ವತಗಳಲ್ಲಿ ಹಿಮ ತೆಳು, ಚಳಿ ಜಾಸ್ತಿ. ಹಾಗಾಗಿ ರವೆಯಂಥ ಪದರ ಸುಲಭವಾಗಿ ಹುಟ್ಟುತ್ತದೆ, ತಿಂಗಳುಗಟ್ಟಲೆ ಉಳಿಯುತ್ತದೆ. ಡಿಸೆಂಬರಿನ ಪದರ ಮಾರ್ಚಿನಲ್ಲಿ ಕೊಲ್ಲಬಹುದು. ಕಡಲ ಬದಿಯಲ್ಲಿ ತಿರುವುಮುರುವು. ಅಲ್ಲಿ ಹಿಮ ಆಳ, ಗಾಳಿ ಬೆಚ್ಚಗೆ. ಒಳಗಿನ ತಾಪಮಾನದ ಅಂತರ ಕಡಿಮೆಯಾದ್ದರಿಂದ ಕಣಗಳು ಬೇಗ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅಪಾಯ ಇರುವುದು ಬಿರುಗಾಳಿಯ ಹೊತ್ತಿನಲ್ಲಿ. ಚಳಿಯಲ್ಲಿ ಹಗುರ ಹಿಮ ಬಿದ್ದು, ಆಮೇಲೆ ಗಾಳಿ ಬೆಚ್ಚಗಾಗಿ ಭಾರದ ಹಿಮ ಬಿದ್ದರೆ ಹತ್ತಿ ಮೂಟೆಯ ಮೇಲೆ ಉಪ್ಪಿನ ಮೂಟೆ ಹೇರಿದಂತೆ. ಕೊನೆಗೆ ಮಳೆಯೇ ಬಂದರೆ ಭಾರವೂ ಏರಿತು, ಬೆಸುಗೆಯೂ ಕರಗಿತು. ವೆಲಿಂಗ್ಟನ್ನಿನ ಆ ರಾತ್ರಿ ಹವಾಮಾನ ಸಾಗಿದ್ದು ಇದೇ ಕ್ರಮದಲ್ಲಿ.

ಕಡಲ ಬದಿಯ ಕೆನಡಾ ಇದಕ್ಕೆ ಮತ್ತೆ ಬೆಲೆ ತೆತ್ತಿತು. ಬ್ರಿಟಿಷ್ ಕೊಲಂಬಿಯಾದ ಗ್ರ್ಯಾಂಡಕ್ ತಾಮ್ರದ ಗಣಿಯ ಶಿಬಿರದ ಮೇಲೆ 1965ರ ಫೆಬ್ರವರಿ 18ರಂದು ಹಿಮ ಕುಸಿದು 26 ಜನ ಸತ್ತರು. ಒಬ್ಬ ಬಡಗಿಯನ್ನು ಮೂರು ದಿನಗಳ ಮೇಲೆ ಜೀವಂತವಾಗಿ ಹೊರತೆಗೆದರು. ಅದೇ ಪ್ರಾಂತ್ಯದ ಟೆರೇಸ್ ಊರಿನ ಬಳಿ ಹೆದ್ದಾರಿ ಬದಿಯ ಹೋಟೆಲೊಂದು 1974ರಲ್ಲಿ ಹೂತುಹೋಗಿ ಏಳು ಜನ ಸತ್ತ ಮೇಲೆ ಸರ್ಕಾರ ಹೆದ್ದಾರಿಗಳಿಗೆಂದೇ ಹಿಮಕುಸಿತ ವಿಭಾಗ ತೆರೆಯಿತು. ಬಿರುಗಾಳಿ ಬಂದಾಗ ರಸ್ತೆ ಮುಚ್ಚುವುದು, ಸ್ಫೋಟಕದಿಂದ ಹಿಮವನ್ನು ಮೊದಲೇ ಕೆಡವುವುದು, ಒಂದೆರಡು ದಿನ ಕಾದು ತೆರೆಯುವುದು ರೂಢಿಯಾಯಿತು. ಕಡಲ ಬದಿಯ ಹಿಮಕ್ಕೆ ಒಂದು ಬಾಯಿಲೆಕ್ಕದ ನಿಯಮವೂ ಬೆಳೆಯಿತು: ಮಳೆ ಗಾಳಿ ನಿಂತ ಮೇಲೆ ಒಂದೆರಡು ದಿನ ತಾಳು, ಹಿಮ ತಾನಾಗಿ ಗಟ್ಟಿಯಾಗುತ್ತದೆ.

ನಿಯಮ ಸರಿಯಾದದ್ದೇ. ಅಪಾಯ ಅದರ ಸರಿತನದಲ್ಲೇ ಇದೆ. ಹತ್ತು ಚಳಿಗಾಲಗಳಲ್ಲಿ ಎಂಟೊಂಬತ್ತು ಬಾರಿ ನಿಜವಾಗುವ ಮಾತನ್ನು ಜನ ಪರೀಕ್ಷಿಸುವುದನ್ನು ಬಿಡುತ್ತಾರೆ. ಒಳನಾಡಿನವನಿಗೆ ದುರ್ಬಲ ಪದರ ದಿನದ ಸಂಗತಿ, ಅವನು ಅದನ್ನು ಹುಡುಕುತ್ತಲೇ ಇರುತ್ತಾನೆ. ಕಡಲ ಬದಿಯವನಿಗೆ ಅದು ಅಪರೂಪದ ನೆಂಟ. ಯಾವುದೋ ಒಂದು ವರ್ಷ ನಡು ಚಳಿಗಾಲದಲ್ಲಿ ಮೋಡ ಸರಿದು ರಾತ್ರಿಗಳು ತಿಳಿಯಾಗುತ್ತವೆ. ಹಿಮದ ಮೈಮೇಲೆ ಗರಿಹರಳು ಬೆಳೆಯುತ್ತದೆ. ಮೇಲೆ ಬಿರುಗಾಳಿ ಬಂದು ಮುಚ್ಚುತ್ತದೆ. ಆಗ ಹಳೆಯ ನಿಯಮ ಹೇಳಿದ ದಿನಗಳ ಲೆಕ್ಕ ತಪ್ಪುತ್ತದೆ.

2012ರ ಫೆಬ್ರವರಿಯಲ್ಲಿ ಹೀಗೇ ಆಯಿತು, ಅದೂ ಅದೇ ಸ್ಟೀವನ್ಸ್ ಪಾಸ್‌ನಲ್ಲಿ. ತಿಂಗಳ ಮೊದಲ ಭಾಗದ ತಿಳಿ ರಾತ್ರಿಗಳಲ್ಲಿ ಬೆಳೆದ ಹರಳಿನ ಪದರದ ಮೇಲೆ ಹೊಸ ಹಿಮ ದಪ್ಪನಾಗಿ ಕೂತಿತ್ತು. ಫೆಬ್ರವರಿ 19ರಂದು ಹದಿನಾರು ಮಂದಿ ನುರಿತ ಸ್ಕೀಯರುಗಳು ಟನಲ್ ಕ್ರೀಕ್ ಎಂಬ ಇಳಿಜಾರಿಗೆ ಹೋದರು. ಕ್ರೀಕ್‌ನ ಹೆಸರಿನಲ್ಲೇ ರೈಲಿನ ಸುರಂಗ ಇದೆ. ಅಂದಿನ ಮುನ್ಸೂಚನೆಯಲ್ಲಿ ಎಚ್ಚರಿಕೆಯೂ ಇತ್ತು. ಚಪ್ಪಡಿ ಕಳಚಿ ಮೂವರು ಸತ್ತರು. ಬೆನ್ನಿಗೆ ಕಟ್ಟಿಕೊಂಡಿದ್ದ ಗಾಳಿಚೀಲ ಉಬ್ಬಿಸಿಕೊಂಡ ಒಬ್ಬರು ಉಳಿದರು. ವೆಲಿಂಗ್ಟನ್ನಿನ ಜನರಿಗೆ ಪದರದ ವಿಷಯ ಗೊತ್ತಿರಲಿಲ್ಲ. ನೂರೆರಡು ವರ್ಷಗಳ ನಂತರ ಅದೇ ಬೆಟ್ಟಸಾಲಿಗೆ ಬಂದವರಿಗೆ ಗೊತ್ತಿತ್ತು. ಅರಿವು ಇದ್ದೂ ಅದು ಆ ಗಳಿಗೆಯ ತೀರ್ಮಾನದೊಳಗೆ ಇಳಿಯಲಿಲ್ಲ.

ಭಾರತದಲ್ಲಿ ಈ ಅರಿವಿಗೆ ಸಂಸ್ಥೆಯ ರೂಪ ಬಂದದ್ದು 1969ರಲ್ಲಿ, ಮನಾಲಿಯಲ್ಲಿ. ರಕ್ಷಣಾ ಸಂಶೋಧನಾ ಸಂಸ್ಥೆಯ ಅಡಿಯಲ್ಲಿ ಬೆಳೆದ ಆ ಹಿಮ ಮತ್ತು ಹಿಮಕುಸಿತ ಅಧ್ಯಯನ ಕೇಂದ್ರವನ್ನು 2020ರಲ್ಲಿ ಬೇರೊಂದು ಪ್ರಯೋಗಾಲಯದೊಂದಿಗೆ ಸೇರಿಸಿ ಹೊಸ ಹೆಸರು ಕೊಡಲಾಯಿತು. ಅಲ್ಲಿನ ವಿಜ್ಞಾನಿಗಳೂ ಹಿಮಾಲಯದ ಹಿಮವನ್ನು ಮೂರು ವಲಯಗಳಾಗಿ ಕಂಡರು. ಪೀರ್ ಪಂಜಾಲಿನಂಥ ಕೆಳವಲಯದಲ್ಲಿ ಹವೆ ಬೆಚ್ಚಗೆ, ಹಿಮ ಧಾರಾಳ. ಕಡಲು ನೂರಾರು ಮೈಲಿ ದೂರವಿದ್ದರೂ ಅಲ್ಲಿನ ಹಿಮದ ನಡವಳಿಕೆ ಬಹುಮಟ್ಟಿಗೆ ಕಡಲ ಬದಿಯದರಂತೆ. ಪಶ್ಚಿಮದಿಂದ ತೇವ ಹೊತ್ತು ಬರುವ ಚಳಿಗಾಲದ ಮಾರುತಗಳು ಅಲ್ಲಿ ದಿನಗಟ್ಟಲೆ ಸುರಿಯುತ್ತವೆ. 2005ರ ಫೆಬ್ರವರಿಯಲ್ಲಿ ಅಂಥದೊಂದು ಸುರಿತದ ನಡುವೆ ದಕ್ಷಿಣ ಕಾಶ್ಮೀರದ ವಾಲ್ಟೆಂಗು ಎಂಬ ಹಳ್ಳಿಯನ್ನು ಹಿಮ ನುಂಗಿತು. 150ಕ್ಕೂ ಹೆಚ್ಚು ಜನ ಸತ್ತರು. ಪೀರ್ ಪಂಜಾಲಿಗೂ ಕೊನೆಗೆ ಸುರಂಗವೇ ಬಂತು. ರೋಹ್ತಾಂಗ್ ಅಡಿಯ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ತೆರೆಯಿತು.

ಮೇಲಿನ ವಲಯ ಕಾರಕೋರಂ, ಅಂದರೆ ಸಿಯಾಚಿನ್. ಅಲ್ಲಿ ಕಡಲ ಬದಿಯ ಯಾವ ಲೆಕ್ಕವೂ ನಡೆಯದು. ಒಣ ಹಿಮ, ಮುರಿಯದ ಚಳಿ. ಹುಟ್ಟಿದ ದುರ್ಬಲ ಪದರ ಸುಲಭಕ್ಕೆ ಅಳಿಯುವುದಿಲ್ಲ. ಹಿಮದ ಜೊತೆಗೆ ನೀರ್ಗಲ್ಲಿನ ಗೋಡೆಗಳೂ ಇವೆ. 1984ರ ಏಪ್ರಿಲ್ 13ರಿಂದ ಭಾರತದ ಸೈನಿಕರು ಅಲ್ಲಿದ್ದಾರೆ. ಎರಡೂ ದೇಶಗಳು ಗುಂಡಿಗಿಂತ ಹವೆಗೇ ಹೆಚ್ಚು ಜನರನ್ನು ಕಳೆದುಕೊಂಡಿವೆ. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಪಾಕಿಸ್ತಾನದ ಒಂದು ಇಡೀ ನೆಲೆ ಹೂತು 140 ಜನ ಸತ್ತರು. ಸೋನಮ್ ಠಾಣೆಯ ಮೇಲೆ ಬಿದ್ದದ್ದು ಹಿಮಗಡ್ಡೆಯ ದೊಡ್ಡ ಗೋಡೆ ಎಂದು ಸೇನೆ ಹೇಳಿತು. ಅಂದರೆ ಅಲ್ಲಿ ಸೋತದ್ದು ರವೆಯ ಪದರವಲ್ಲ. ಗುಂಡಿ ತೋಡಿ ಮುಟ್ಟಿ ನೋಡುವ ವಿದ್ಯೆಗೆ ನಿಲುಕದ ಬಗೆ ಅದು.

ಹಿಮದಲ್ಲಿ ಹೂತವರನ್ನು ಹದಿನೈದು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ, ಮೂವತ್ತೈದು ನಿಮಿಷ ಕಳೆದರೆ ಮೂವರು ಉಳಿದರೆ ಹೆಚ್ಚು ಎಂದು ಸ್ವಿಟ್ಜರ್ಲೆಂಡಿನ ದಾಖಲೆಗಳು ಹೇಳುತ್ತವೆ. ಫೆಬ್ರವರಿ 8ರ ರಾತ್ರಿ ಹುಡುಕಾಟದ ನಾಯಿಗಳು ತೋರಿದ ಕಡೆ 25 ಅಡಿಗೂ ಹೆಚ್ಚು ಕಡಿದಾಗ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಿದ್ದರು. ಆರು ದಿನ ಕಳೆದಿತ್ತು. ದೆಹಲಿಯ ಸೇನಾ ಆಸ್ಪತ್ರೆಗೆ ಕರೆತಂದರು. ಹರಕೆ ಹೊರದ ಮನೆ ಕರ್ನಾಟಕದಲ್ಲಿ ವಿರಳವಾಗಿತ್ತು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಉಳಿದ ಒಂಬತ್ತು ಮಂದಿ ಹಿಮದಡಿಯಲ್ಲೇ ಅಸುನೀಗಿದ್ದರು.

ನೂರು ವರ್ಷಗಳ ಈ ಇತಿಹಾಸದಲ್ಲಿ ಹಿಮದಡಿ ಸಿಕ್ಕವರ ಪಟ್ಟಿ ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ಹಳಿಯ ಕೂಲಿ, ಗಣಿಯ ಬಡಗಿ, ಗಡಿಯ ಸಿಪಾಯಿ. ಬಹುಪಾಲು ಜನ ಆ ಬೆಟ್ಟದಲ್ಲಿ ಹುಟ್ಟಿದವರಲ್ಲ. ಕೆಲಸಕ್ಕೆಂದು ಹೋದವರು, ಎಲ್ಲಿ ಮಲಗಬೇಕೆಂದು ತಾವೇ ತೀರ್ಮಾನಿಸದವರು. ವೆಲಿಂಗ್ಟನ್ನಿನಲ್ಲಿ ರೈಲು ಎಲ್ಲಿ ನಿಲ್ಲಬೇಕು ಎಂಬುದನ್ನು ಪ್ರಯಾಣಿಕರು ಹೇಳುವಂತಿರಲಿಲ್ಲ. ಠಾಣೆ ಎಲ್ಲಿರಬೇಕು ಎಂಬುದನ್ನು ಸಿಪಾಯಿ ಹೇಳುವಂತಿಲ್ಲ. ಪದರದ ವಿದ್ಯೆ ಬೆಳೆದಷ್ಟೂ 'ದೈವಾಧೀನ' ಎಂಬ ಖಾತೆಯಲ್ಲಿ ಬರೆಯಬಹುದಾದ ಸಾವುಗಳು ಕಡಿಮೆಯಾಗುತ್ತವೆ. ಉಳಿದವು ಯಾರ ಖಾತೆಗೆ ಎಂಬ ಪ್ರಶ್ನೆ ಏಳುತ್ತದೆ. 1914ರ ನ್ಯಾಯಾಲಯ ಅದನ್ನು ಎತ್ತದೆ ಮುಗಿಸಬಹುದಿತ್ತು. ಈಗ ಅದು ಅಷ್ಟು ಸಲೀಸಲ್ಲ.

ಆ ವಿದ್ಯೆಯ ಮೂಲ ಸಾಧನ ಇಂದಿಗೂ ಸಲಿಕೆ. ರಡಾರು, ಉಪಗ್ರಹ, ಗಣಕಯಂತ್ರದ ಮಾದರಿಗಳ ಜೊತೆಗೆ ಯಾರಾದರೊಬ್ಬರು ಇಳಿಜಾರಿಗೆ ಹೋಗಿ ಗುಂಡಿ ತೋಡಲೇಬೇಕು. ತೋಡಿದ ಗೋಡೆಯ ಒಂದೊಂದು ಪದರಕ್ಕೂ ಮೊದಲು ಮುಷ್ಟಿ, ಆಮೇಲೆ ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಕೊನೆಗೆ ಚಾಕು ಒತ್ತಿ ಯಾವುದು ಒಳಹೋಗುತ್ತದೆ ಎಂದು ಬರೆದುಕೊಳ್ಳುತ್ತಾರೆ. ಬಳಿಕ 30 ಸೆಂಟಿಮೀಟರ್ ಅಗಲದ ಹಿಮದ ಕಂಬವೊಂದನ್ನು ಕಡಿದು, ಮೇಲೆ ಸಲಿಕೆಯಿಟ್ಟು ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಏಟು ತಟ್ಟುತ್ತಾರೆ. ಎಷ್ಟನೆಯ ಏಟಿಗೆ, ಯಾವ ಆಳದಲ್ಲಿ ಕಂಬ ಮುರಿಯಿತು ಎಂಬುದು ಆ ದಿನದ ವರದಿ. ಬರೆದಾದ ಮೇಲೆ ಗುಂಡಿಯನ್ನು ಮುಚ್ಚುತ್ತಾರೆ. ಮುಂದಿನ ಸಲ ಪಕ್ಕದಲ್ಲಿ ಹೊಸದು ತೋಡಬೇಕು, ಏಕೆಂದರೆ ಅಷ್ಟರಲ್ಲಿ ಹಿಮ ಬದಲಾಗಿರುತ್ತದೆ.